ನಾಲ್ಕು ಪದರದ ಕಫ್

ಸಂಖ್ಯಾಶಾಸ್ತ್ರದ ಮೇಷ್ಟ್ರು ತಲೆ ಎತ್ತುವ ಪೈಕಿ ಅಲ್ಲ. ಹಾಜರಿ ಪುಸ್ತಕ ಬಿಚ್ಚಿದರೆಂದರೆ ಒಂದರಿಂದ ಎಪ್ಪತ್ತೆರಡರವರೆಗೆ ಒಂದೇ ಉಸಿರಿಗೆ ಕೂಗಿ ಮುಗಿಸಿಬಿಡುತ್ತಿದ್ದರು. ಉತ್ತರ ಕಿವಿಗೆ ಬಿದ್ದರೆ ಒಂದು ಗೀಟು, ಬೀಳದಿದ್ದರೆ ಒಂದು ಸೊನ್ನೆ. ಹೆಸರು ಕೇಳುವುದು, ಮುಖ ನೋಡುವುದು, ಇಂಥ ರಗಳೆಯೆಲ್ಲ ಅವರಿಗೆ ಆಗಿಬರುತ್ತಿರಲಿಲ್ಲ. ಮೂವತ್ತೇಳು ಎಂದಾಗ ಮುಂದಿನ ಬೆಂಚಿನ ಹುಡುಗಿ 'ಎಸ್ ಸರ್' ಅನ್ನುತ್ತಿದ್ದಳು. ಮೂವತ್ತೆಂಟು ಎಂದಾಗ ಯಾರೂ ಏನೂ ಅನ್ನುತ್ತಿರಲಿಲ್ಲ. ಅರ್ಧ ಕ್ಷಣ ಬಿಟ್ಟು ಮೇಷ್ಟ್ರು ಮೂವತ್ತೊಂಬತ್ತಕ್ಕೆ ಹೋಗುತ್ತಿದ್ದರು.

ಆ ಮೂವತ್ತೆಂಟು ನಮ್ಮ ಸಣ್ಣಿ. ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅಮ್ಮ ಇಟ್ಟ ಅಡ್ಡಹೆಸರು ಅದು. ಈಗ ಹದಿನೆಂಟು ತುಂಬಿ, ಹಾಸ್ಟೆಲಿನ ಬಾಗಿಲಿಗೆ ತಲೆ ತಾಗುವಷ್ಟು ಉದ್ದವಾಗಿದ್ದರೂ ಹೆಸರು ಮಾತ್ರ ಬೆಳೆದಿರಲಿಲ್ಲ. ಒಂದು ದಿನವೂ ಕ್ಲಾಸು ತಪ್ಪಿಸಿದವಳಲ್ಲ. ಕೊನೆಯಿಂದ ಎರಡನೇ ಬೆಂಚು, ಗೋಡೆ ಬದಿ, ದಿನಾ ಅಲ್ಲೇ. ಮೇಷ್ಟ್ರು ಇಪ್ಪತ್ತು ದಾಟುತ್ತಿದ್ದಂತೆ ಅವಳು ಪೆನ್ನು ಕೆಳಗಿಡುತ್ತಿದ್ದಳು. ಮೂವತ್ತಕ್ಕೆ ಅಂಗಿಯ ತೋಳನ್ನು ಮುಷ್ಟಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮೂವತ್ತೈದಕ್ಕೆ ತೋಳಿನ ತುದಿಯ ಪಟ್ಟಿ, ಅಂದರೆ ಕಫ್, ಹಲ್ಲಿನ ನಡುವೆ ಇರುತ್ತಿತ್ತು. ಆಮೇಲೆ ಎಲ್ಲ ಮುಗಿದೇ ಹೋಗುತ್ತಿತ್ತು. ಅನ್ನಬೇಕಾಗಿದ್ದದ್ದು ಎರಡೇ ಎರಡು ಪದ. ಕಲಿಸಿದರೆ ಗಿಳಿಯೂ ಅನ್ನುತ್ತದೆ.

ಮೊದಲ ದಿನ ಬಾಯಿ ಬರಲಿಲ್ಲ, ನಾಳೆ ಹೇಳಿದರಾಯಿತು ಅಂದುಕೊಂಡಳು. ಎರಡನೇ ದಿನ, ಇವತ್ತು ಹೇಳಿದರೆ ನಿನ್ನೆ ಎಲ್ಲಿದ್ದೆ ಎಂದು ಕೇಳಿಯಾರು ಎಂಬ ಹೆದರಿಕೆ. ಹತ್ತನೇ ದಿನಕ್ಕೆ ಒಂಬತ್ತು ದಿನದ ಲೆಕ್ಕ ಒಪ್ಪಿಸಬೇಕಾದ ಪರಿಸ್ಥಿತಿ. ಹೀಗೆ ದಿನದಿಂದ ದಿನಕ್ಕೆ ಗಂಟು ಬಿಗಿಯುತ್ತ ಹೋಯಿತು. ಬೇರೆ ಕ್ಲಾಸುಗಳಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಬರುತ್ತಿತ್ತು, ಸಹಿ ಹಾಕಿದರೆ ಆಯಿತು, ಅಲ್ಲಿ ತೊಂದರೆ ಇರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಅವಳಿಗೆ ಹೆದರಿಕೆಯೂ ಸವೆದುಹೋಗಿತ್ತು. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಏಳುವುದು, ಸ್ನಾನ, ಊಟ, ಕ್ಲಾಸು, ಎಲ್ಲವೂ ಬೇರೆ ಯಾರಿಗೋ ಆಗುತ್ತಿದ್ದ ಹಾಗೆ ಆಗುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಯಿಂದ ಫೋನ್ ಬರುತ್ತಿತ್ತು. ಅವರದು ಹೊಲಿಗೆ ಅಂಗಡಿ. ಅದು ನಡೆಯುತ್ತಿದ್ದದ್ದು ಅಮ್ಮನ ಬಾಯಿ ಮತ್ತು ಅಪ್ಪನ ಕೈಯಿಂದ. ಗಿರಾಕಿಗಳನ್ನು ಮಾತಾಡಿಸಿ, ಅಳತೆ ತೆಗೆದು, ನಾಳೆ ಕೊಡುತ್ತೇವೆ ನಾಡಿದ್ದು ಕೊಡುತ್ತೇವೆ ಎಂದು ಸಂಭಾಳಿಸುವುದು ಅಮ್ಮ. ಒಳಗೆ ಕಿಟಕಿಯ ಪಕ್ಕದಲ್ಲಿ ಮಷೀನಿನ ಮುಂದೆ ಕೂತು ಹೊಲಿಯುವುದು ಅಪ್ಪ. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಆ ದಿನ ಏನೋ ವಿಶೇಷ ಎಂದೇ ಅರ್ಥ. ಫೋನಿನಲ್ಲಿ ಅಮ್ಮ ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು. ಊಟ ಸರಿಹೋಗುತ್ತಾ, ಸರಿಹೋಗದೆ ಏನು, ಪಾಠ ಅರ್ಥವಾಗುತ್ತಾ, ಬುದ್ಧಿವಂತೆ ನೀನು ಆಗದೆ ಏನು. ಕೊನೆಗೆ ಅಪ್ಪನ ಕಿವಿಗೆ ಫೋನ್ ಹಿಡಿಯುತ್ತಿದ್ದಳು. ಮಷೀನಿನ ಸದ್ದು ನಿಲ್ಲುತ್ತಿತ್ತು. ಅಪ್ಪ 'ಹೂಂ' ಅನ್ನುತ್ತಿದ್ದ. ಸಣ್ಣಿಯೂ 'ಹೂಂ' ಅನ್ನುತ್ತಿದ್ದಳು. ಮಷೀನು ಮತ್ತೆ ಶುರುವಾಗುತ್ತಿತ್ತು.

ಹಾಗೆಂದು ಸಣ್ಣಿಗೆ ಮಾತೇ ಇರಲಿಲ್ಲ ಅಂದುಕೊಂಡರೆ ತಪ್ಪಾದೀತು. ಬರೆಯಲು ಕೂತರೆ ಅವಳನ್ನು ಹಿಡಿಯುವವರಿರಲಿಲ್ಲ. ನಾಲ್ಕು ವರ್ಷದ ಹಿಂದೆ ಟಿವಿಯಲ್ಲಿ ಒಂದು ಸೀರಿಯಲ್ ಬರುತ್ತಿತ್ತು. ದ್ವೀಪದಿಂದ ದ್ವೀಪಕ್ಕೆ ರೋಗಿಗಳನ್ನು ನೋಡುತ್ತ ತಿರುಗುವ ಆಸ್ಪತ್ರೆ ಹಡಗಿನ ಕಥೆ. ಅದರಲ್ಲೊಬ್ಬ ಕ್ಯಾಪ್ಟನ್, ಒಬ್ಬಳು ಡಾಕ್ಟರು, ಒಬ್ಬ ರೇಡಿಯೋದವನು. ಹಡಗು ಮಂಜಿನಲ್ಲಿ ಸಿಕ್ಕಿಹಾಕಿಕೊಂಡ ಕಂತಿನ ನಂತರ ಚಾನೆಲ್ಲಿನವರು ಹೇಳದೆ ಕೇಳದೆ ಸೀರಿಯಲ್ ನಿಲ್ಲಿಸಿಬಿಟ್ಟರು. ನಿಲ್ಲಿಸಿದರೆ ಅಭಿಮಾನಿಗಳು ಬಿಡಬೇಕಲ್ಲ. ಒಂದು ವೆಬ್‌ಸೈಟಿನಲ್ಲಿ ಸೇರಿಕೊಂಡು ತಾವೇ ಮುಂದಿನ ಕಥೆ ಬರೆಯತೊಡಗಿದರು. ಒಬ್ಬರು ಹಡಗನ್ನು ಮುಳುಗಿಸಿದರೆ ಇನ್ನೊಬ್ಬರು ಎತ್ತಿದರು. ಸಣ್ಣಿ ಹದಿನಾರರಲ್ಲಿ ಶುರು ಮಾಡಿದ್ದು ಈಗ ಇಪ್ಪತ್ತೊಂದು ಅಧ್ಯಾಯ ದಾಟಿತ್ತು. ಸೀರಿಯಲ್ಲಿನಲ್ಲಿ ಮೂರೇ ಮೂರು ಡೈಲಾಗಿದ್ದ ರೇಡಿಯೋದವನನ್ನು ಅವಳು ಹೀರೋ ಮಾಡಿಕೊಂಡಿದ್ದಳು. ಹೊಸ ಅಧ್ಯಾಯಕ್ಕೆ ಕಾಯುವ ಓದುಗರು ಸಾವಿರದ ಮೇಲಿದ್ದರು. ಅವರಲ್ಲಿ ಯಾರಿಗೂ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ.

ಆ ಜಗತ್ತಿನಲ್ಲಿ ಒಂದು ರೂಢಿ ಉಂಟು. ಅಧ್ಯಾಯ ಮುಗಿದ ಮೇಲೆ ಬರೆದವರು ನಾಲ್ಕು ಸಾಲು ಸ್ವಂತದ್ದು ಹೇಳಿಕೊಳ್ಳಬೇಕು. ಯಾಕೆ ತಡವಾಯಿತು, ಬೆಕ್ಕಿಗೆ ಹುಷಾರಿರಲಿಲ್ಲ, ಹಲ್ಲು ಕೀಳಿಸಿದೆ, ಇಂಥದ್ದು. ಯಾರೋ ಏನೋ ಗೊತ್ತಿಲ್ಲದವರಾದ್ದರಿಂದ ಅಲ್ಲಿ ಯಾರಿಗೂ ಸಂಕೋಚವಿಲ್ಲ. ಸಣ್ಣಿ ಅಮ್ಮನಿಗೆ ಹೇಳದ್ದನ್ನೆಲ್ಲ ಅಲ್ಲಿ ಹೇಳುತ್ತಿದ್ದಳು. ಇಪ್ಪತ್ತೆರಡನೇ ಅಧ್ಯಾಯದ ಕೊನೆಗೆ ಹೀಗೆ ಬರೆದಳು: 'ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ನಲವತ್ತೊಂದು ದಿನ ಕೂತಿದ್ದೇನೆ, ನಲವತ್ತೊಂದು ದಿನವೂ ಗೈರುಹಾಜರಿ. ಬೇರೆ ಕ್ಲಾಸುಗಳಲ್ಲಿ ಸಹಿ ಹಾಕಿದರೆ ಸಾಕು, ಇಲ್ಲಿ ನಂಬರು ಕೂಗಿದರೆ ಧ್ವನಿ ಹೊರಡುವುದಿಲ್ಲ. ಮತ್ತೆ ಕಫ್ ಕಚ್ಚಲು ಶುರು ಮಾಡಿದ್ದೇನೆ, ಎಲ್ಲ ಅಂಗಿಗಳ ಅಂಚೂ ಬಿಟ್ಟುಕೊಂಡಿದೆ. ಬೇಜಾರೇನೂ ಇಲ್ಲ. ಏನೂ ಇಲ್ಲ. ಮುಂದಿನ ಅಧ್ಯಾಯ ಹದಿನೈದು ದಿನಕ್ಕೆ.'

ಕಮೆಂಟು ಹಾಕುವವರಲ್ಲಿ 'ಕಿಟಕಿಪಕ್ಕ' ಎಂಬ ಹೆಸರಿನ ಒಬ್ಬರಿದ್ದರು. ಎರಡು ವರ್ಷದಿಂದ ಒಂದು ಅಧ್ಯಾಯವನ್ನೂ ಬಿಟ್ಟವರಲ್ಲ. ಉಳಿದವರು ಒಂದು ಹೃದಯದ ಚಿತ್ರ ಹಾಕಿ ಕೈತೊಳೆದುಕೊಂಡರೆ ಇವರು ಅರ್ಧ ಪುಟ ಬರೆಯುತ್ತಿದ್ದರು. 'ಡೆಕ್ಕಿನ ಟಾರ್ಪಾಲಿಗೆ ನೀವು ಒಂಟಿ ಹೊಲಿಗೆ ಹಾಕಿಸಿದ್ದೀರಿ, ಅದು ಎರಡು ಗಾಳಿಗೆ ಬಿಟ್ಟುಕೊಳ್ಳುತ್ತದೆ, ಅಂಚು ಮಡಿಸಿ ಜೋಡಿ ಹೊಲಿಗೆ ಹಾಕಿಸಿ. ರೇಡಿಯೋದವನು ಸುಮ್ಮನಿರುವುದು ಜಂಬದಿಂದ ಅಲ್ಲ ಎಂದು ಬರೆದಿದ್ದೀರಿ, ಅದು ಸರಿಯಾಗಿದೆ. ಕೆಲವರಿಗೆ ಮಾತು ಹೊಟ್ಟೆಯಲ್ಲಿ ಇರುತ್ತದೆ, ಬಾಯಿಗೆ ಬರುವ ದಾರಿ ಗೊತ್ತಿರುವುದಿಲ್ಲ.' ಇದನ್ನೆಲ್ಲ ಓದಿ ಸಣ್ಣಿ ಇವರು ಯಾರೋ ನಿವೃತ್ತ ನಾವಿಕರಿರಬೇಕು, ಒಂಟಿಯಾಗಿ ಬೇಸರವಾಗಿರಬೇಕು ಎಂದು ತೀರ್ಮಾನಿಸಿದ್ದಳು.

ಇಪ್ಪತ್ತೆರಡನೇ ಅಧ್ಯಾಯ ಹಾಕಿ ಹತ್ತು ದಿನಕ್ಕೆ ಹಾಸ್ಟೆಲಿಗೆ ಮನೆಯಿಂದ ಒಂದು ಪಾರ್ಸೆಲ್ ಬಂತು. ಒಳಗೆ ಮೂರು ತುಂಬುತೋಳಿನ ಅಂಗಿ. ಚೀಟಿಯಿಲ್ಲ, ಮಾತಿಲ್ಲ. ಕೋಣೆಯಲ್ಲಿ ಜೊತೆಗಿದ್ದ ಹುಡುಗಿ, ಇಡೀ ದಿನ ಹಾಕಿ ಆಟದ ಮೈದಾನದಲ್ಲಿದ್ದು ಊಟದ ಹೊತ್ತಿಗಷ್ಟೇ ಕೋಣೆ ಸೇರುವವಳು, ಒಂದನ್ನು ಎತ್ತಿ ನೋಡಿ ಇದೇನು ಕಫ್ ಇಷ್ಟು ದಪ್ಪ, ಹಾಸಿಗೆ ಇದ್ದ ಹಾಗಿದೆ ಎಂದು ನಕ್ಕಳು. ಸಣ್ಣಿ ಮುಟ್ಟಿ ನೋಡಿದಳು. ನಾಲ್ಕು ಪದರ. ಕಫ್ಫಿಗೆ ಸಾಮಾನ್ಯವಾಗಿ ಹಾಕುವ ಬಕ್ರಂ ಎಂಬ ಗಟ್ಟಿ ಬಟ್ಟೆಯನ್ನು ಬಿಟ್ಟು, ಮಧ್ಯೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು, ಅಂಚಿಗೆ ಜೋಡಿ ಹೊಲಿಗೆ ಹಾಕಿತ್ತು. ಹಲ್ಲಿಗೆ ಒತ್ತದ ಹಾಗೆ, ಕಚ್ಚಿದರೂ ಬಿಟ್ಟುಕೊಳ್ಳದ ಹಾಗೆ.

ಕಫ್ ಕಚ್ಚುವ ಚಾಳಿ ಅವಳು ಬಿಟ್ಟದ್ದು ಹತ್ತನೇ ವಯಸ್ಸಿನಲ್ಲಿ. ಮತ್ತೆ ಶುರುವಾಗಿದೆ ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಕಡೆ.

ಸಣ್ಣಿ ಫೋನ್ ತೆಗೆದು ಹಳೆಯ ಕಮೆಂಟುಗಳನ್ನು ಮೊದಲಿನಿಂದ ನೋಡುತ್ತ ಹೋದಳು. ಕಿಟಕಿಪಕ್ಕ ಬರೆದದ್ದೆಲ್ಲ ಮಧ್ಯಾಹ್ನ ಒಂದೂವರೆಯಿಂದ ಎರಡರ ಒಳಗೆ. ಆ ಅರ್ಧ ಗಂಟೆ ಅಮ್ಮ ಊಟ ಮುಗಿಸಿ ಮನೆಯಲ್ಲಿ ಅಡ್ಡಾಗುವ ಹೊತ್ತು, ಅಂಗಡಿಯ ಷಟರ್ ಅರ್ಧ ಇಳಿದಿರುವ ಹೊತ್ತು. ಅವಳು ಮೊದಲ ಅಧ್ಯಾಯಗಳನ್ನು ಬರೆದ ಹಳೆಯ ಫೋನು, ಬಟ್ಟೆಯ ಡಿಸೈನಿನ ಫೋಟೋ ತೆಗೆಯಲು ಇರಲಿ ಎಂದು ಎರಡು ವರ್ಷದ ಹಿಂದೆಯೇ ಅಂಗಡಿ ಸೇರಿತ್ತು. ಪುಟವನ್ನು ಮುಚ್ಚದೆ ಕೊಟ್ಟಿದ್ದಳು ಎಂದು ಈಗ ನೆನಪಾಯಿತು. ನಿವೃತ್ತ ನಾವಿಕನೂ ಇಲ್ಲ, ಮಣ್ಣೂ ಇಲ್ಲ. ಸಮುದ್ರವನ್ನೇ ಕಾಣದ ಅಪ್ಪ, ಆ ಸೀರಿಯಲ್ ಬರುವಾಗ ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಅಪ್ಪ, ಎರಡು ವರ್ಷದಿಂದ ಅವಳನ್ನು ನೀವು ತಾವು ಎಂದು ಮಾತಾಡಿಸುತ್ತಿದ್ದ.

ಮೊದಲು ಅವಳಿಗೆ ನೆನಪಾದದ್ದು ಏಳನೇ ಅಧ್ಯಾಯ. ಕ್ಯಾಪ್ಟನ್ ಮತ್ತು ಡಾಕ್ಟರು ಡೆಕ್ಕಿನ ಮೇಲೆ ಎರಡೂವರೆ ಪುಟದಷ್ಟು ಮುತ್ತಿಟ್ಟುಕೊಂಡ ಅಧ್ಯಾಯ. ತಕ್ಷಣ ಅಲ್ಲಿಗೆ ಹೋಗಿ ನೋಡಿದಳು. ಕಿಟಕಿಪಕ್ಕ ಬರೆದದ್ದು ಒಂದೇ ಸಾಲು: 'ಈ ಅಧ್ಯಾಯದಲ್ಲಿ ಅಲೆಗಳ ವರ್ಣನೆ ಚೆನ್ನಾಗಿದೆ.' ಸಣ್ಣಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಗೋ, ನಗುವಿಗೋ ಅವಳಿಗೇ ತಿಳಿಯಲಿಲ್ಲ. ಜೋಮು ಬಿಡುವಾಗ ಇರುವೆ ಹರಿದ ಹಾಗಾಗುತ್ತದಲ್ಲ, ಅಷ್ಟು ಮಾತ್ರ ಆಯಿತು. ಆಮೇಲೆ ಅದೂ ನಿಂತುಹೋಯಿತು. ಭಾನುವಾರ ಫೋನಿನಲ್ಲಿ ಅಂಗಿ ಬಂತು ಅಂದಳು. ಅಪ್ಪ ಹೂಂ ಅಂದ.

ಮರುದಿನ ನೋಟೀಸು ಬೋರ್ಡಿಗೆ ಪಟ್ಟಿ ಬಿತ್ತು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಸಂಖ್ಯಾಶಾಸ್ತ್ರ, ಮೂವತ್ತೆಂಟು, ಸೊನ್ನೆ. ಪಟ್ಟಿಯಲ್ಲಿ ಅಷ್ಟು ದುಂಡಗಿನ ಸೊನ್ನೆ ಬೇರೆ ಯಾರಿಗೂ ಇರಲಿಲ್ಲ. ಅವಳು ಎರಡನೇ ಮಹಡಿಯ ಆಫೀಸಿಗೆ ಹೋಗಿ ಮೂರನೇ ಕೌಂಟರಿನ ಮುಂದೆ ನಿಂತಳು. ಅಲ್ಲಿನ ಗುಮಾಸ್ತೆ ಕೆಟ್ಟವಳಲ್ಲ, ಬೆಳಗಿನಿಂದ ಅದೇ ಮಾತನ್ನು ಹೇಳಿ ಹೇಳಿ ರೋಸಿಹೋಗಿದ್ದಳು ಅಷ್ಟೆ. ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂವರೆ, ಮನೆಯವರನ್ನು ಕರೆದುಕೊಂಡು ಬರಬೇಕು ಅಂದಳು. ಅರ್ಜಿ ಕೊಟ್ಟರೆ ಸಾಲದು, ಅವರು ಎದುರಿಗೆ ನಿಂತು ಬಾಯಲ್ಲಿ ಹೇಳಬೇಕು. ಹೋದ ವರ್ಷ ಮೂರು ಜನ ಹುಡುಗರು ಅಪ್ಪಂದಿರ ಸಹಿಯನ್ನು ತಾವೇ ಹಾಕಿ ತಂದಿದ್ದರಂತೆ, ಅದಕ್ಕೇ ಈ ಹೊಸ ನಿಯಮ. ಬಾರದಿದ್ದರೆ ವರ್ಷ ಹೋಯಿತು ಎಂದೇ ಲೆಕ್ಕ. ಸಣ್ಣಿ ತಲೆಯಾಡಿಸಿದಳು. ನಾನು ದಿನಾ ಬಂದಿದ್ದೇನೆ ಎಂಬ ಮಾತು ನಾಲಗೆಯ ಬುಡದವರೆಗೆ ಬಂದು ವಾಪಸ್ಸು ಹೋಯಿತು.

ಮನೆಗೆ ಫೋನ್ ಮಾಡಿದ್ದರೆ ಒಂದು ನಿಮಿಷದ ಕೆಲಸ. ನಾವು ನೀವಾಗಿದ್ದರೆ ಮಾಡಿಬಿಡುತ್ತಿದ್ದೆವು. ಅವಳು ಮೆಟ್ಟಿಲ ಮೇಲೆ ಕೂತು ಮೂರು ಸಲ ಅಮ್ಮನ ನಂಬರು ತೆಗೆದಳು, ಮೂರು ಸಲವೂ ಮುಚ್ಚಿದಳು. ಅಮ್ಮ ಏನಾಯ್ತು ಏನಾಯ್ತು ಎಂದು ಕೇಳುತ್ತಾಳೆ, ಆಗ ಏನಾಯಿತು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮಂಗಳವಾರ ಕ್ಲಾಸು ಮುಗಿದ ಮೇಲೆ ಖಾಲಿ ಬೆಂಚಿನಲ್ಲೇ ಕೂತು ಇಪ್ಪತ್ತಮೂರನೇ ಅಧ್ಯಾಯ ಮುಗಿಸಿದಳು. ಅದರಲ್ಲಿ ಡಾಕ್ಟರಿಗೇ ವಿಷಮ ಜ್ವರ ಬಂದು ಪ್ರಜ್ಞೆ ತಪ್ಪುತ್ತದೆ. ಕೆಳಗೆ ನಾಲ್ಕು ಸಾಲು ಬರೆದಳು. ಓದುವವರು ಯಾರು ಎಂದು ಗೊತ್ತಿದ್ದು ಬರೆದದ್ದು ಇದೇ ಮೊದಲು.

'ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕಾಲೇಜಿನ ಎರಡನೇ ಮಹಡಿ, ಆಫೀಸು, ಮೂರನೇ ಕೌಂಟರು. ಮನೆಯವರು ಬಂದು ಬಾಯಲ್ಲಿ ಹೇಳಬೇಕಂತೆ, ಇಲ್ಲದಿದ್ದರೆ ಈ ವರ್ಷ ಪರೀಕ್ಷೆ ಇಲ್ಲ. ಮನೆಗೆ ಹೇಳಿಲ್ಲ. ಹೇಳಲು ಆಗುತ್ತಿಲ್ಲ.'

ಸಂಜೆಯೊಳಗೆ ಮೂವತ್ತು ಕಮೆಂಟು ಬಂದವು. ಧೈರ್ಯವಾಗಿರಿ ಅಂದರು, ಅಪ್ಪಿಕೊಂಡಿದ್ದೇವೆ ಅಂದರು, ಒಬ್ಬರು ಬಾಡಿಗೆಗೆ ಯಾರಾದರೂ ಚಿಕ್ಕಪ್ಪ ಸಿಗುತ್ತಾರಾ ನೋಡಿ ಅಂದರು. ಡಾಕ್ಟರನ್ನು ಕೊಂದರೆ ಓದುವುದೇ ನಿಲ್ಲಿಸುತ್ತೇವೆ ಎಂದು ಹಲವರು ಬೆದರಿಸಿದರು. ಬುಧವಾರ ಒಂದೂವರೆ ಆಯಿತು, ಎರಡಾಯಿತು. ಕಿಟಕಿಪಕ್ಕದಿಂದ ಸುಳಿವಿಲ್ಲ. ಗುರುವಾರವೂ ಇಲ್ಲ. ಎರಡು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಓದಿಲ್ಲವೋ, ಓದಿ ಸಿಟ್ಟಾಯಿತೋ, ಮಗಳು ಹೀಗಾದಳಲ್ಲ ಎಂದು ಅವಮಾನವಾಯಿತೋ. ಸಣ್ಣಿಗೆ ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಗುರುವಾರ ಊಟಕ್ಕೆ ಹೋದಳು, ತಟ್ಟೆ ಖಾಲಿ ಮಾಡಿದಳು, ಏನು ತಿಂದೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಶುಕ್ರವಾರ ಹತ್ತೂವರೆಗೇ ಹೋಗಿ ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತಳು. ಹೊಸ ಅಂಗಿ ಹಾಕಿಕೊಂಡಿದ್ದಳು. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಬರುತ್ತಿದ್ದರು, ಕೌಂಟರಿನ ಮುಂದೆ ಕೈ ತಿರುಗಿಸಿ ಏನೇನೋ ಹೇಳಿ ಹೋಗುತ್ತಿದ್ದರು. ಹನ್ನೊಂದಾಯಿತು. ಹನ್ನೊಂದೂ ಕಾಲಾಯಿತು. ಎಡಗೈಯ ಕಫ್ ಅಷ್ಟರಲ್ಲಿ ಒದ್ದೆಯಾಗಿತ್ತು. ಹನ್ನೊಂದು ಇಪ್ಪತ್ತಕ್ಕೆ ಮೆಟ್ಟಿಲು ಹತ್ತಿ ಅಪ್ಪ ಬಂದ. ಐದು ಗಂಟೆ ಬಸ್ಸಿನಲ್ಲಿ ಕೂತು ಬಂದ ಮುಖ. ಪ್ಯಾಂಟಿನ ಮೇಲೆ ದಾರದ ಚೂರುಗಳು. ದಾರ ಪೋಣಿಸಿದ ಸೂಜಿ ಕಾಲರಿನಲ್ಲಿ ಚುಚ್ಚಿದ್ದು ಹಾಗೇ ಇತ್ತು, ತೆಗೆಯಲು ಮರೆತಿದ್ದ. ಮಗಳನ್ನು ನೋಡಿ ತಲೆಯಾಡಿಸಿದ. ಅವಳೂ ತಲೆಯಾಡಿಸಿ ಎದ್ದಳು. ಇಬ್ಬರೂ ಹೋಗಿ ಕೌಂಟರಿನ ಮುಂದೆ ನಿಂತರು.

ಅಪ್ಪ ಜೇಬಿನಿಂದ ಮಡಿಸಿದ ಹಾಳೆ ತೆಗೆದು ಕೊಟ್ಟ. ಎರಡು ಬದಿಯೂ ಬರೆದ ಅರ್ಜಿ. ಗುಮಾಸ್ತೆ ಓದತೊಡಗಿ, ಓದುತ್ತ ಓದುತ್ತ ಕನ್ನಡಕ ಸರಿಮಾಡಿಕೊಂಡಳು. ತನ್ನ ಮಗಳು ಒಂದು ದಿನವೂ ತಪ್ಪಿಸದೆ ತರಗತಿಯಲ್ಲಿ ಕೂತಿದ್ದಾಳೆಂದೂ, ಅವಳ ನೋಟ್ ಪುಸ್ತಕದಲ್ಲಿ ದಿನದಿನದ ಲೆಕ್ಕಗಳಿದ್ದಾವು, ತರಿಸಿ ನೋಡಬಹುದೆಂದೂ, ಕೂಗಿದಾಗ ಉತ್ತರ ಕೊಡಲಾಗದ್ದು ಉದ್ಧಟತನವಲ್ಲವೆಂದೂ, ಉಳಿದ ತರಗತಿಗಳಂತೆ ಇಲ್ಲಿಯೂ ಸಹಿ ಮಾಡಲು ಅವಕಾಶ ಕೊಡಬೇಕೆಂದೂ ಅದರಲ್ಲಿತ್ತು. ಚೆನ್ನಾಗಿ ಬರೆದಿದೆ, ಯಾರ ಹತ್ತಿರ ಬರೆಸಿದಿರಿ ಎಂದು ಕೇಳಿದಳು. ಅಪ್ಪ ಪ್ಯಾಂಟಿನ ಮೇಲಿನ ದಾರದ ಚೂರೊಂದನ್ನು ಆರಿಸಿ ತೆಗೆದ. ಆಕೆ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತೇಳು.

"ನೀವು ಇವಳಿಗೆ ಏನಾಗ್ಬೇಕು? ಅರ್ಜಿ ಯಾರು ಬೇಕಾದ್ರೂ ತಂದುಕೊಡ್ತಾರೆ. ಬಾಯಲ್ಲಿ ಹೇಳ್ಬೇಕು."

ಅಪ್ಪ ಬಾಯಿ ತೆರೆದ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಗುಮಾಸ್ತೆ ಇನ್ನೊಮ್ಮೆ ಕೇಳಿದಳು. ಹಿಂದೆ ನಿಂತವರು ಕಾಲು ಬದಲಿಸಿದರು. ಸಣ್ಣಿ ಪಕ್ಕಕ್ಕೆ ತಿರುಗಿದಳು. ಅಪ್ಪನ ಬಲಗೈ ನಿಧಾನವಾಗಿ ಅಂಗಿಯ ತೋಳಿನೊಳಗೆ ಹೋಗುತ್ತಿತ್ತು, ಬೆರಳುಗಳು ಕಫ್ಫನ್ನು ಒಳಗಿನಿಂದ ಹಿಡಿದುಕೊಂಡವು. ಆ ಕಫ್ ದಪ್ಪವಾಗಿತ್ತು. ನಾಲ್ಕು ಪದರ, ಅಂಚಿಗೆ ಜೋಡಿ ಹೊಲಿಗೆ, ಮೂಲೆಯಲ್ಲಿ ಬಟ್ಟೆ ಹಲ್ಲಿಗೆ ಸಿಕ್ಕಿ ಸವೆದು ಬೆಳ್ಳಗಾಗಿತ್ತು. ಅಪ್ಪನ ಅಂಗಿಗಳ ಕಫ್ ಯಾವಾಗಲೂ ಹೀಗೇ ಇರುತ್ತಿತ್ತು. ಹದಿನೆಂಟು ವರ್ಷ ನೋಡಿದ್ದಾಳೆ, ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದರೂ ಅವನು ಹೂಂ ಅನ್ನುತ್ತಿದ್ದ. ಇಂಥವನು ಈ ಕೌಂಟರಿಗೆ ಬರಲು ಬೆಳಗಿನ ಮೊದಲ ಬಸ್ಸು ಹತ್ತಿದ್ದ. ಅವಳಿಗೆ ಎಷ್ಟೋ ದಿನದ ಮೇಲೆ ಸಂಕಟವಾಯಿತು. ಅದು ಅವಳದೇ ಸಂಕಟ, ಬೇರೆ ಯಾರದೋ ಅಲ್ಲ.

"ಇವರು ನಮ್ಮಪ್ಪ," ಅಂದಳು.

ಧ್ವನಿ ಗೊಗ್ಗರಾಗಿತ್ತು. ಗುಮಾಸ್ತೆ ಕಿವಿಗೆ ಕೈ ಇಟ್ಟು, ಏನು, ಜೋರಾಗಿ ಹೇಳು ಅಂದಳು.

"ನಮ್ಮಪ್ಪ. ಇವರಿಗೆ ಮಾತು ಬರಲ್ಲ ಅಂತಲ್ಲ, ಇಂಥ ಕಡೆ ಹೊರಡಲ್ಲ. ಅರ್ಜಿ ಇವರೇ ಬರೆದಿದ್ದು." ಒಮ್ಮೆ ಉಸಿರು ತೆಗೆದುಕೊಂಡಳು. "ನಾನು ಮೂವತ್ತೆಂಟು. ದಿನಾ ಬಂದಿದ್ದೀನಿ."

ಗುಮಾಸ್ತೆ ಇಬ್ಬರ ಮುಖವನ್ನೂ ನೋಡಿದಳು. ಅವಳು ಏನು ಅಂದುಕೊಂಡಳೋ, ಅಪ್ಪನಿಂದ ಸಹಿ ಮಾತ್ರ ಹಾಕಿಸಿಕೊಂಡು ಅರ್ಜಿಯ ಮೂಲೆಗೆ ಮೊಹರು ಒತ್ತಿದಳು. ನೋಟ್ ಪುಸ್ತಕವನ್ನು ಇವತ್ತು ಸಂಜೆಯೊಳಗೆ ಮೇಷ್ಟ್ರಿಗೆ ತೋರಿಸಬೇಕು, ಅವರು ಸೊನ್ನೆಗಳನ್ನು ತಿದ್ದಿ ಸಹಿ ಮಾಡಿದರೆ ಪರೀಕ್ಷೆಗೆ ಅಡ್ಡಿಯಿಲ್ಲ, ಸೋಮವಾರದಿಂದ ಕ್ಲಾಸಿನ ಕೊನೆಗೆ ಹೋಗಿ ಸಹಿ ಹಾಕಿದರಾಯಿತು ಎಂದು ಹೇಳಿ, ಮುಂದಿನವರು ಬನ್ನಿ ಅಂದಳು. ಸಣ್ಣಿಗೆ ಅಂಥ ಖುಷಿಯೇನೂ ಆಗಲಿಲ್ಲ. ಸುಸ್ತಾಗಿತ್ತು, ಅಷ್ಟೆ.

ಇಬ್ಬರೂ ಮೆಟ್ಟಿಲಿಳಿದು ರಸ್ತೆಗೆ ಬಂದರು. ಮಗಳು ಅಪ್ಪನ ಕಾಲರಿನಿಂದ ಸೂಜಿ ತೆಗೆದು, ದಾರ ಸುತ್ತಿ ಅವನ ಜೇಬಿಗೆ ಚುಚ್ಚಿದಳು. ಅಮ್ಮನಿಗೆ ದಾರ ತರಲು ಹೋಗುತ್ತೇನೆಂದು ಹೇಳಿ ಬಂದಿದ್ದಾನಂತೆ, ಅದನ್ನು ಹೇಳಲು ಅಪ್ಪನಿಗೆ ಅರ್ಧ ರಸ್ತೆ ಬೇಕಾಯಿತು. ದಾರ ತರಲು ಐದು ಗಂಟೆ ದೂರ ಹೋದವನನ್ನು ಅಮ್ಮ ಏನು ಮಾಡುತ್ತಾಳೋ ಎಂದು ಸಣ್ಣಿಗೆ ನಗು ಬಂತು. ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯಲ್ಲಿ ಬಿಳಿ ದಾರದ ನಾಲ್ಕು ಉಂಡೆ ಕೊಂಡರು. ಯಾವುದು ಬೇಕು ಎಂದು ಅಂಗಡಿಯವನಿಗೆ ಹೇಳಿದ್ದು ಸಣ್ಣಿ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲುಬೆಂಚಿನಲ್ಲಿ ಕೂತ. ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ಅವಳ ಕಡೆ ನೋಡದೆ ಕೇಳಿದ.

"ಡಾಕ್ಟರಿಗೆ ಜ್ವರ ಇಳಿಯುತ್ತಾ?"

"ಇಳಿಯುತ್ತೆ ಅಪ್ಪ," ಅಂದಳು ಸಣ್ಣಿ. "ರೇಡಿಯೋದವನು ದಡಕ್ಕೆ ಹೇಳಿ ಔಷಧ ತರಿಸ್ತಾನೆ."

"ಹೂಂ," ಅಂದ ಅಪ್ಪ.